ಮೈಬಿಸಿಗೆ ಗಟ್ಟಿಯಾಗುವ ಜೆಲ್: ಕಾರವಾರದ ಸೆಕೆಯಲ್ಲಿ ಮಾಡಿ ನೋಡುವುದು ಹೇಗೆ

ಹೋದ ವರ್ಷ ಏಪ್ರಿಲ್ ಕೊನೆ. ಫ್ಯಾನ್ ಹಾಕಿದರೂ ಬೆವರು ನಿಲ್ಲದ ಮಧ್ಯಾಹ್ನ. ನಮ್ಮ ಲ್ಯಾಬಿನಲ್ಲಿ ಕರೆಂಟ್ ಹೋಯಿತು, ಬರಲಿಕ್ಕೆ ಎರಡು ತಾಸು ಬೇಕಾಯಿತು. ಹೊರಗೆ ಗಾಳಿಗೆ ನಿಂತು ಹರಟೆ ಹೊಡೆದು ಒಳಗೆ ಬಂದು ನೋಡಿದರೆ, ಮೇಜಿನ ಮೇಲೆ ಮರೆತು ಬಿಟ್ಟಿದ್ದ ಸಣ್ಣ ಬಾಟಲಿಯಲ್ಲಿ ನೀರಾಗಿ ಇರಬೇಕಾಗಿದ್ದದ್ದು ಗಟ್ಟಿಯಾಗಿ ಕೂತಿತ್ತು. ಬಾಟಲಿ ತಲೆಕೆಳಗೆ ಮಾಡಿದರೂ ಬೀಳಲಿಲ್ಲ. ಪ್ರಾಜೆಕ್ಟ್ ಮಾಡುತ್ತಿದ್ದ ಅಂಕೋಲೆಯ ಹುಡುಗನಿಗೆ ಖುಷಿಯೋ ಖುಷಿ. "ಸರ್, ಜೆಲ್ ಆಯ್ತು!" ಆಯ್ತು ನಿಜ. ಆದರೆ ಅದು ಗಟ್ಟಿಯಾಗಬೇಕಿದ್ದದ್ದು 37 ಡಿಗ್ರಿಗೆ, ಮೈಯ ಬಿಸಿಗೆ. ನಮ್ಮ ಮೇಜಿನ ಮೇಲೆ ಅಲ್ಲ.

ಆ ಬಾಟಲಿ ಕಲಿಸಿದ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡಿಗ್ರಿ ಅಥವಾ ಎಂ.ಎಸ್ಸಿ. ಪ್ರಾಜೆಕ್ಟಿಗೆ "ಉಷ್ಣತೆಗೆ ಸ್ಪಂದಿಸುವ ಹೈಡ್ರೋಜೆಲ್" ಅಂತ ವಿಷಯ ತೆಗೆದುಕೊಂಡವರಿಗೆ, ಅದರಲ್ಲೂ ಕರಾವಳಿಯಲ್ಲಿ ಅಥವಾ ಘಟ್ಟದ ಮೇಲೆ ಶಿರಸಿಯ ಕಡೆ ಕೂತು ಮಾಡುವವರಿಗೆ. ಪುಸ್ತಕದಲ್ಲಿ ಬರೆದವರೆಲ್ಲ ಏಸಿ ರೂಮಿನಲ್ಲಿ ಕೂತು ಬರೆದವರು. ಅವರ "ಕೋಣೆಯ ಉಷ್ಣತೆ" ಅಂದರೆ 20–25 ಡಿಗ್ರಿ. ನಮ್ಮದು ಬೇಸಿಗೆಯಲ್ಲಿ 33. ಈ ಎಂಟು-ಹತ್ತು ಡಿಗ್ರಿಯಲ್ಲೇ ಇಡೀ ಕಥೆ ಇದೆ.

ಮೊದಲು ಅಡುಗೆಮನೆಗೆ ಹೋಗಿ

ಹೈಡ್ರೋಜೆಲ್ ಅಂದರೆ ನೀರು ತುಂಬಿಕೊಂಡ ಬಲೆ. ಉದ್ದುದ್ದ ಅಣುಗಳು ಒಂದಕ್ಕೊಂದು ಸಿಕ್ಕಿಕೊಂಡು ಬಲೆ ಆಗುತ್ತವೆ, ಮಧ್ಯೆ ನೀರು ನಿಲ್ಲುತ್ತದೆ. ಶಿರಸಿ ಕಡೆ ತಲೆಗೆ ಹಾಕಿಕೊಳ್ಳುವ ಮತ್ತಿ ಗೊಂಪು ನೋಡಿದ್ದೀರಲ್ಲ? ಎಲೆ ನೀರಲ್ಲಿ ಕಿವುಚಿದರೆ ಲೋಳೆ ಲೋಳೆ ಆಗುತ್ತದೆ. ಇದರ ಹತ್ತಿರದ ನೆಂಟ ಅದು.

ಈಗ ಎರಡು ತಿಂಡಿ ನೆನಪಿಸಿಕೊಳ್ಳಿ. ಹಾಲುಬಾಯಿ ಒಲೆಯ ಮೇಲೆ ಇರುವಾಗ ಸುರಿಯುವ ಹಾಗೆ ಇರುತ್ತದೆ, ತಟ್ಟೆಗೆ ಹೊಯ್ದು ಆರಿದ ಮೇಲೆ ಗಟ್ಟಿ. ಚೀನಾ ಗ್ರಾಸ್, ಜೆಲಾಟಿನ್, ಎಲ್ಲ ಇದೇ ಜಾತಿ: ತಣ್ಣಗಾದರೆ ಗಟ್ಟಿ. ತೊಡೆದೇವು ಹಾಗಲ್ಲ. ಹಿಟ್ಟು ಮಡಕೆಯ ಹೊರಗೆ ಇರುವಾಗ ನೀರು, ಕಾದ ಮಡಕೆಯ ಬೆನ್ನಿಗೆ ತಾಗಿದ ಕೂಡಲೇ ಗಟ್ಟಿ. (ಅಲ್ಲಿ ನಡೆಯುವುದು ಅಕ್ಕಿ ಹಿಟ್ಟು ಬೇಯುವುದು ಮತ್ತು ನೀರು ಆರುವುದು, ನಮ್ಮ ಜೆಲ್‌ನ ಕೆಲಸ ಅದಲ್ಲ. ಆದರೆ ದಿಕ್ಕು ಅದೇ.) ವೈದ್ಯರಿಗೆ ಬೇಕಾದದ್ದು ಈ ತೊಡೆದೇವಿನ ದಿಕ್ಕು. ತಣ್ಣಗಿರುವಾಗ ಸಿರಿಂಜಿನಲ್ಲಿ ಸರಾಗ ಹೋಗಬೇಕು, ಮೈಯೊಳಗೆ ಹೋಗಿ ಬಿಸಿ ತಾಗಿದ ಮೇಲೆ ಗಟ್ಟಿಯಾಗಿ ಕೂರಬೇಕು, ಒಳಗೆ ಹಾಕಿದ ಔಷಧವನ್ನು ನಿಧಾನಕ್ಕೆ ಬಿಡಬೇಕು. ದೊಡ್ಡ ಗಾಯ ಮಾಡಿ ಒಳಗಿಡುವ ಬದಲು ಒಂದು ಚುಚ್ಚು ಸಾಕು.

"ಮೊಸರೂ ಬೆಚ್ಚಗಿದ್ದರೆ ತಾನೇ ಹೆಪ್ಪಾಗೋದು?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅದು ಹುಳಿಯಿಂದ ಆಗುವ ಹೆಪ್ಪು. ಬಿಸಿ ಬೇಕಾಗುವುದು ಬ್ಯಾಕ್ಟೀರಿಯಾಗೆ, ಹಾಲಿಗೆ ಅಲ್ಲ.

ಎಷ್ಟು ಬಿಸಿಗೆ ಗಟ್ಟಿ, ಎಷ್ಟು ಬಿಸಿಗೆ ನೀರು ಅನ್ನುವ ವಿಷಯ ಎಷ್ಟು ದೊಡ್ಡದು ಅಂದರೆ, ಸೂಕ್ಷ್ಮಜೀವಿ ಬೆಳೆಸುವ ಪ್ಲೇಟಿಗೆ ಅಗರ್ ಬಂದದ್ದೇ ಇದರಿಂದ. ರಾಬರ್ಟ್ ಕಾಖ್ ಅವರ ಲ್ಯಾಬಿನಲ್ಲಿ ಮೊದಲು ಜೆಲಾಟಿನ್ ಬಳಸುತ್ತಿದ್ದರು. ಅದು 37 ಡಿಗ್ರಿಗೆ ಕರಗಿ ನೀರಾಗುತ್ತಿತ್ತು. 1881ರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ ಹೆಸ್ಸೆ, ಮನೆಯಲ್ಲಿ ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರ್ ಹಾಕಿ ನೋಡಿ ಅಂದರು. ಅಗರ್ ಗಟ್ಟಿಯಾಗುವುದು 35–40 ಡಿಗ್ರಿಯ ಆಸುಪಾಸಿನಲ್ಲಿ, ಮತ್ತೆ ಕರಗಬೇಕಾದರೆ ಸುಮಾರು 85 ಬೇಕು. ಅಡುಗೆಮನೆಯ ಆ ಒಂದು ಮಾತು ಇವತ್ತಿಗೂ ಎಲ್ಲ ಆಸ್ಪತ್ರೆಯ ಲ್ಯಾಬಿನಲ್ಲೂ ನಡೆಯುತ್ತಿದೆ. ಅಗರ್ ಬರುವುದು ಕಡಲ ಪಾಚಿಯಿಂದ ಅನ್ನುವುದೂ ನೆನಪಿರಲಿ.

ಯಾವ ಸಾಮಾನು ಆರಿಸಬೇಕು

ಈ ವಿಷಯದಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಪಾಲಿ ಎನ್-ಐಸೋಪ್ರೊಪೈಲ್ ಅಕ್ರಿಲಮೈಡ್. 32 ಡಿಗ್ರಿ ದಾಟಿದರೆ ಬದಲಾಗುತ್ತದೆ. ಅದು ಪೆಟ್ರೋಲಿಯಂ ಮೂಲದ್ದು, ಮೈಯೊಳಗೆ ಸುಲಭಕ್ಕೆ ಕರಗಿ ಹೋಗುವುದಿಲ್ಲ. ಇನ್ನೊಂದು ತಮಾಷೆ ಏನಂದರೆ, ಮೇ ತಿಂಗಳಲ್ಲಿ ಕಾರವಾರದಲ್ಲಿ ಅದರ ಬಾಟಲಿ ಕಪಾಟಿನಿಂದ ಹೊರಗೆ ತೆಗೆಯುವಾಗಲೇ ಬೆಳ್ಳಗಾಗಿರುತ್ತದೆ. ಬಿಟ್ಟುಬಿಡಿ.

ಗಿಡ-ಮರ, ಕಡಲಿನಿಂದ ಬರುವ ಸಾಮಾನುಗಳಲ್ಲಿ ನಮಗೆ ಕೈಗೆಟಕುವವು ಮೂರು.

ಒಂದು, ಮೀಥೈಲ್ ಸೆಲ್ಯುಲೋಸ್. ಮರದ ತಿರುಳು ಅಥವಾ ಹತ್ತಿಯ ಸೆಲ್ಯುಲೋಸ್‌ಗೆ ಮೀಥೈಲ್ ಗುಂಪು ಅಂಟಿಸಿದ್ದು. ದಾಂಡೇಲಿಯಲ್ಲಿ ಕಾಗದವಾಗುವುದೂ ಸೆಲ್ಯುಲೋಸೇ. ತಣ್ಣೀರಲ್ಲಿ ಕರಗುತ್ತದೆ, ಕಾಯಿಸಿದರೆ ಜೆಲ್ ಆಗುತ್ತದೆ. ಕಲಿಯುವವರು ಶುರು ಮಾಡಬೇಕಾದದ್ದು ಇದರಿಂದಲೇ.

ಎರಡು, ಕೈಟೋಸಾನ್. ಸೀಗಡಿ, ಏಡಿ ಸಿಪ್ಪೆಯಿಂದ ಬರುವುದು. ನಮ್ಮ ಕಡೆ ಶೆಟ್ಲಿ (ಸೀಗಡಿ) ಸಿಪ್ಪೆಗೆ ಬರವೇ? ಬೈತಖೋಲ ಬಂದರಿನಿಂದ ತದಡಿಯವರೆಗೆ, ಅಘನಾಶಿನಿಯ ಗಜನಿಗಳವರೆಗೆ ಎಲ್ಲಿ ನೋಡಿದರೂ ಇದೆ. ನಿಜವಾದ ಪ್ರಾಜೆಕ್ಟ್ ಇದರ ಮೇಲೆ.

ಮೂರು, ಹುಣಸೆ ಬೀಜದ ಕ್ಸೈಲೋಗ್ಲೂಕಾನ್. ಕಂಬಳಿ ನೇಯುವವರು ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಗೊತ್ತಲ್ಲ, ಅದರ ಸತ್ವ ಇದೇ. ಸುಮ್ನೆ ಬೀಜದ ಪುಡಿ ನೀರಿಗೆ ಹಾಕಿದರೆ ಗಂಜಿ ಆಗುತ್ತದೆ ಅಷ್ಟೇ, ಬಿಸಿಗೆ ಜೆಲ್ ಆಗುವುದಿಲ್ಲ. ಬೀಟಾ ಗ್ಯಾಲಕ್ಟೋಸಿಡೇಸ್ ಅನ್ನುವ ಕಿಣ್ವದಿಂದ ಅದರ ಗ್ಯಾಲಕ್ಟೋಸ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಿದರೆ ಆಗ ಮೈಬಿಸಿಯ ಹತ್ತಿರ ಗಟ್ಟಿಯಾಗುತ್ತದೆ. ಜಾಸ್ತಿ ಕತ್ತರಿಸಿದಷ್ಟೂ ಕಡಿಮೆ ಉಷ್ಣತೆಗೇ ಗಟ್ಟಿ. ಒಳ್ಳೆಯ ವಿಷಯ, ಆದರೆ ಕಿಣ್ವ ದುಬಾರಿ, ಎಷ್ಟು ಕತ್ತರಿಸಿತು ಅಂತ ಅಳೆಯುವುದು ಕಷ್ಟ. ಹಳಿಯಾಳ, ಮುಂಡಗೋಡ ಕಡೆಯವರಿಗೆ ಹುಣಸೆ ಸಲೀಸು. ನಾವು ಕೆಳಗಿನವರು ಮುರುಗಲು ಹುಳಿಯವರು. ಎಂ.ಎಸ್ಸಿ. ಮಕ್ಕಳು ನೋಡಬಹುದು.

ಸಿಪ್ಪೆಯಿಂದ ನೀವೇ ತೆಗೆಯಬೇಕಾ?

ನನ್ನ ಉತ್ತರ: ಅರ್ಧ ತೆಗೆಯಿರಿ. ಪೂರ್ತಿ ಬೇಡ.

ಮೀನು ಮಾರ್ಕೆಟಿಗೆ ಹೋಗಿ ಸಿಪ್ಪೆ ಕೇಳಿದಾಗ ನಮ್ಮ ಹುಡುಗನಿಗೆ ಅಲ್ಲಿದ್ದ ಅಕ್ಕ ಕೇಳಿದಳಂತೆ, "ಸಿಪ್ಪೆ ತಕಂಡು ಎಂತ ಮಾಡ್ತೆ ತಮಾ, ತೆಂಗಿನ ಮರಕ್ಕೆ ಹಾಕೂಕಾ?" ಕೇಳಬೇಕಾದ ಪ್ರಶ್ನೆಯೇ. ಒಂದು ಚೀಲ ಸಿಪ್ಪೆ ತಂದು, ತೊಳೆದು, ತಲೆ-ಮಾಂಸ ತೆಗೆದು, ಬಿಸಿಲಿಗೆ ಒಣಗಿಸಿದರೆ ಅದು ಕಾಲು ಚೀಲ ಆಗುತ್ತದೆ. ಅಕ್ಕಪಕ್ಕದ ಮನೆಯವರ ಜತೆ ಜಗಳವೂ ಆಗುತ್ತದೆ. ಬೆಕ್ಕು-ಕಾಗೆ ಕಾಟ ಬೇರೆ.

ಒಣ ಸಿಪ್ಪೆಯಲ್ಲಿ ಮುಖ್ಯವಾಗಿ ಮೂರು ವಸ್ತು: ಸುಣ್ಣ, ಪ್ರೋಟೀನ್, ಕೈಟಿನ್. ಮೊದಲು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರೆ ಸುಣ್ಣ ಬುಸ್ಸೆಂದು ನೊರೆ ಬಂದು ಹೋಗುತ್ತದೆ. ಇದು ನೋಡಲಿಕ್ಕೆ ಚೆಂದ, ಆದರೆ ಬೀಕರ್ ದೊಡ್ಡದು ಇರಲಿ, ಆಮ್ಲ ಸ್ವಲ್ಪ ಸ್ವಲ್ಪವೇ ಹಾಕಿ. ನೊರೆ ನಿಂತ ಮೇಲೆ ಸಿಪ್ಪೆ ಮೆತ್ತಗೆ, ನೆನೆಸಿದ ಕಾಗದದ ಹಾಗೆ ಆಗಿರುತ್ತದೆ. ತೊಳೆಯಿರಿ. ಆಮೇಲೆ ಸುಮಾರು 4 ಪರ್ಸೆಂಟ್ ಕಾಸ್ಟಿಕ್ ಸೋಡಾ ನೀರಿನಲ್ಲಿ ಬಿಸಿ ಮಾಡಿದರೆ ಪ್ರೋಟೀನ್ ಬಿಡುತ್ತದೆ. ಕಿತ್ತಳೆ ಬಣ್ಣ ಕೊಡುವುದು ಅಸ್ಟಾಕ್ಸಾಂಥಿನ್. ಅದು ಸ್ವಲ್ಪ ಉಳಿದರೂ ನಮ್ಮ ಕೆಲಸಕ್ಕೆ ಅಡ್ಡಿ ಇಲ್ಲ, ಬಣ್ಣ ಅಳೆಯುವ ಪರೀಕ್ಷೆ ಮಾಡುವಾಗ ಮಾತ್ರ ಕಾಡುತ್ತದೆ. ಇಲ್ಲಿಗೆ ಸಿಕ್ಕಿದ್ದು ಕೈಟಿನ್. ಫ್ಯೂಮ್ ಹುಡ್, ಕನ್ನಡಕ, ಕೈಗವಸು ಇದ್ದರೆ ಕಾಲೇಜಿನಲ್ಲಿ ಇಷ್ಟು ಮಾಡಬಹುದು.

ಮುಂದಿನ ಹಂತ ಕೈಟಿನ್ ಅನ್ನು ಕೈಟೋಸಾನ್ ಮಾಡುವುದು. ಅದಕ್ಕೆ 40–50 ಪರ್ಸೆಂಟ್ ಕಾಸ್ಟಿಕ್ ಸೋಡಾ, ಅದೂ 100 ಡಿಗ್ರಿಯ ಆಸುಪಾಸಿನಲ್ಲಿ, ತಾಸುಗಟ್ಟಲೆ. ಒಂದು ಹನಿ ಕಣ್ಣಿಗೆ ಹಾರಿದರೆ ಕಣ್ಣು ಹೋದ ಹಾಗೆಯೇ. ಮನೆಯಲ್ಲಿ ಖಂಡಿತ ಬೇಡ, ಕಾಲೇಜಿನಲ್ಲೂ ಮೇಷ್ಟ್ರು ಪಕ್ಕದಲ್ಲಿ ನಿಲ್ಲದೆ ಬೇಡ. ನಾನಂತೂ ಮಕ್ಕಳಿಗೆ ಕೈಟಿನ್‌ವರೆಗೆ ಮಾಡಿಸಿ, ಜೆಲ್‌ಗೆ ಬೇಕಾದ ಕೈಟೋಸಾನ್ ಕೊಂಡು ಕೊಡುತ್ತೇನೆ. ಕಾರಣ ಬರೀ ಹೆದರಿಕೆ ಅಲ್ಲ. ಮನೆಯಲ್ಲಿ ತೆಗೆದ ಕೈಟೋಸಾನ್‌ನಲ್ಲಿ ಪ್ರತಿ ಸಲ ಅಸಿಟೈಲ್ ಗುಂಪು ಹೋದ ಪ್ರಮಾಣ ಬೇರೆ ಬೇರೆ ಬರುತ್ತದೆ. ಈ ಜೆಲ್‌ಗೆ ಆ ಪ್ರಮಾಣವೇ ಜೀವ.

ಕೊಳ್ಳುವಾಗ ನೋಡಬೇಕಾದದ್ದು

ಹುಬ್ಬಳ್ಳಿಯಿಂದಲೋ ಆನ್‌ಲೈನಿನಲ್ಲೋ ತರಿಸುತ್ತೀರಿ. ಡಬ್ಬದ ಮೇಲೆ "ಡಿಅಸಿಟೈಲೇಷನ್" (ಅಸಿಟೈಲ್ ಗುಂಪು ಹೋದ ಪ್ರಮಾಣ) ಎಷ್ಟು ಪರ್ಸೆಂಟ್ ಅಂತ ಓದಿ. 75–85 ಅಂತ ಇರುವುದು ಅಗ್ಗ, ಎಲ್ಲ ಕಡೆ ಸಿಗುತ್ತದೆ. 90ರ ಮೇಲಿನದು ಸಿಕ್ಕರೆ ಅದನ್ನೇ ತನ್ನಿ, ಬೇಗ ಮತ್ತು ಕಡಿಮೆ ಉಷ್ಣತೆಗೆ ಗಟ್ಟಿಯಾಗುತ್ತದೆ. ಇದನ್ನು ನೋಡದೆ ತಂದು, 37ರಲ್ಲಿ ಒಂದು ತಾಸು ಇಟ್ಟರೂ ನೀರಾಗಿಯೇ ಇದೆ ಅಂತ ಅತ್ತವರು ತುಂಬಾ ಜನ.

ಮೀಥೈಲ್ ಸೆಲ್ಯುಲೋಸ್ ಕೊಳ್ಳುವಾಗ ಹೆಸರು ಪೂರ್ತಿ ಓದಿ. ಒಂದು ಸಲ ಒಂದು ಅಂಗಡಿಯವರು ನನಗೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಕಟ್ಟಿ ಕೊಟ್ಟರು, "ಎಲ್ಲಾ ಒಂದೇ ಸರ್" ಅಂತ. ಒಂದೇ ಅಲ್ಲ. ಅದು ಕಾಯಿಸಿದರೆ ಜೆಲ್ ಆಗುವುದಿಲ್ಲ, ಇನ್ನೂ ತೆಳ್ಳಗಾಗುತ್ತದೆ. ಒಂದು ವಾರ ಅದನ್ನು ಕಾಯಿಸುತ್ತಾ ಕೂತಿದ್ದೆ, ನನ್ನದೇ ದಡ್ಡತನ.

ಮಳೆಗಾಲದವರಿಗೆ ಇನ್ನೊಂದು ಮಾತು. ಜೂನ್ ಬಂತೆಂದರೆ ಶಿರಸಿಯಲ್ಲಿ ಹಪ್ಪಳದ ಡಬ್ಬ ಹೇಗೆ ಕಾಪಾಡುತ್ತೀರೋ ಹಾಗೆ ಈ ಪುಡಿಗಳನ್ನು ಕಾಪಾಡಬೇಕು. ಕೈಟೋಸಾನ್ ಗಾಳಿಯ ತೇವ ಎಳೆಯುತ್ತದೆ. 200 ಮಿಲಿಗ್ರಾಂ ಅಂತ ತೂಗಿದ್ದರಲ್ಲಿ 20 ಮಿಲಿಗ್ರಾಂ ನೀರೇ ಇರಬಹುದು. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತೂಗುವ ಮೊದಲು ಓವನ್‌ನಲ್ಲಿ 60 ಡಿಗ್ರಿಗೆ ಸ್ವಲ್ಪ ಹೊತ್ತು.

ಥರ್ಮಾಮೀಟರ್ ನಂಬಬೇಡಿ

ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು 35ರಿಂದ 42ರವರೆಗೆ ಅಷ್ಟೇ ನೋಡುವುದು. ಲ್ಯಾಬಿನದು ತೆಗೆದುಕೊಳ್ಳಿ, ಮೊದಲು ಕರಗುತ್ತಿರುವ ಐಸಿನಲ್ಲಿ ಇಟ್ಟು 0 ತೋರಿಸುತ್ತದಾ ನೋಡಿ. ಕುದಿಯುವ ನೀರಿನಲ್ಲಿ ನೋಡುವವರು ನೆನಪಿಡಿ: ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಅಲ್ಲಿ ನೀರು 98ಕ್ಕೇ ಕುದಿಯುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಅಂತ ಎಸೆಯಬೇಡಿ.

ವಾಟರ್ ಬಾತ್ ಇಲ್ಲದಿದ್ದರೆ ದೊಡ್ಡ ಸ್ಟೀಲ್ ಪಾತ್ರೆ, ಒಳಗೆ ಟ್ಯೂಬ್ ಸ್ಟ್ಯಾಂಡ್, ಪಕ್ಕದಲ್ಲಿ ಒಂದು ಚೆಂಬು ಬಿಸಿನೀರು ಸಾಕು. ನಾಚಿಕೆ ಏನಿಲ್ಲ. ಹೈಡ್ರೋಜೆಲ್‌ನ ಕಾಂಟ್ಯಾಕ್ಟ್ ಲೆನ್ಸ್ ಕಂಡುಹಿಡಿದ ಪ್ರಾಗ್‌ನ ಒಟ್ಟೊ ವಿಖ್ಟರ್ಲೆ ಅವರು 1961ರ ಕ್ರಿಸ್‌ಮಸ್ ಹೊತ್ತಿಗೆ ಲೆನ್ಸ್ ಮಾಡುವ ಯಂತ್ರ ಕಟ್ಟಿದ್ದು ಮನೆಯಲ್ಲಿ, ಮಕ್ಕಳ ಆಟಿಕೆ ಸೆಟ್ಟಿನಿಂದ, ಸೈಕಲ್ ಡೈನಮೋ ಸಿಕ್ಕಿಸಿ.

ಮೊದಲ ಜೆಲ್: ಮೀಥೈಲ್ ಸೆಲ್ಯುಲೋಸ್

2 ಗ್ರಾಂ ಪುಡಿ, 100 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್. ಎಲ್ಲ ನೀರನ್ನೂ ಒಟ್ಟಿಗೆ ಹಾಕಿ ಕದಡಿದರೆ ರಾಗಿ ಹಿಟ್ಟು ಗಂಟು ಕಟ್ಟಿದ ಹಾಗೆ ಕಟ್ಟುತ್ತದೆ, ಹೊರಗೆ ಲೋಳೆ, ಒಳಗೆ ಒಣ ಪುಡಿ. ಅದಕ್ಕೆ ಒಂದು ಉಪಾಯ ಇದೆ. ನೀರಿನ ಮೂರರಲ್ಲೊಂದು ಪಾಲನ್ನು ಮಾತ್ರ 80–85 ಡಿಗ್ರಿಗೆ ಕಾಯಿಸಿ, ಕದಡುತ್ತಾ ಪುಡಿ ಉದುರಿಸಿ. ಬಿಸಿನೀರಲ್ಲಿ ಅದು ಕರಗುವುದಿಲ್ಲ, ಬರೀ ಒದ್ದೆಯಾಗಿ ಹರಡುತ್ತದೆ. ನೋಡಲಿಕ್ಕೆ ಸುಣ್ಣದ ನೀರು. ಈಗ ಉಳಿದ ನೀರನ್ನು ಐಸಿನಲ್ಲಿ ತಣ್ಣಗೆ ಮಾಡಿ ಹಾಕಿ, ಕದಡುತ್ತಾ ಇರಿ. ತಣ್ಣಗಾಗುತ್ತಾ ಹೋದ ಹಾಗೆ ಬಿಳಿ ಬಣ್ಣ ಹೋಗಿ ದಪ್ಪಗಾಗುತ್ತದೆ. ರಾತ್ರಿ ಫ್ರಿಜ್ಜಿನಲ್ಲಿ ಇಟ್ಟರೆ ಬೆಳಿಗ್ಗೆ ಗುಳ್ಳೆ ಇಲ್ಲದ ತಿಳಿಯಾದ ದ್ರಾವಣ.

5 ಮಿಲಿಲೀಟರ್ ಒಂದು ಟೆಸ್ಟ್ ಟ್ಯೂಬಿಗೆ ಹಾಕಿ ನೀರಿನ ಪಾತ್ರೆಯಲ್ಲಿ ಇಡಿ. ನೀರಿನ ಉಷ್ಣತೆಯನ್ನು ಎರಡೆರಡು ಡಿಗ್ರಿ ಏರಿಸಿ, ಪ್ರತಿ ಸಲ ಐದು ನಿಮಿಷ ಕಾದು, ಟ್ಯೂಬ್ ಹೊರಗೆ ತೆಗೆದು ತಲೆಕೆಳಗೆ ಮಾಡಿ. 30 ಸೆಕೆಂಡು ಜಾರದೆ ನಿಂತರೆ ಜೆಲ್ ಅಂತ ಬರೆದುಕೊಳ್ಳಿ. ಬರೀ ನೀರಿನಲ್ಲಿ ಮಾಡಿದ್ದು 50–60ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೊದಲು ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ಗಟ್ಟಿ.

ಯಾಕೆ ಹೀಗೆ? ಮೀಥೈಲ್ ಗುಂಪಿಗೆ ನೀರು ಅಂದರೆ ಆಗದು. ತಣ್ಣಗಿರುವಾಗ ನೀರಿನ ಅಣುಗಳು ಅದರ ಸುತ್ತ ಶಿಸ್ತಾಗಿ ಪಂಜರ ಕಟ್ಟಿಕೊಂಡು ನಿಲ್ಲುತ್ತವೆ. ಬಿಸಿ ಏರಿದಾಗ ಆ ಪಂಜರ ಮುರಿಯುತ್ತದೆ, ಆಗ ನೀರಿಗೆ ಒಗ್ಗದ ಗುಂಪುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಲೆ ಆಗುತ್ತದೆ.

ಆದರೆ 55 ಡಿಗ್ರಿ ನಮಗೆ ಪ್ರಯೋಜನ ಇಲ್ಲ, ಮೈ 37. ಕೆಳಗೆ ತರಲು ಉಪ್ಪು ಬೇಕು. ಉಪ್ಪು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಪಂಜರಕ್ಕೆ ನೀರು ಕಡಿಮೆ ಬೀಳುತ್ತದೆ. ಐದು ಟ್ಯೂಬ್ ಮಾಡಿ, 100 ಮಿಲಿಲೀಟರಿಗೆ 0, 2, 4, 6, 8 ಗ್ರಾಂ ಸೋಡಿಯಂ ಕ್ಲೋರೈಡ್ ಲೆಕ್ಕದಲ್ಲಿ. ಇನ್ನೊಂದು ಸಾಲು ಸೋಡಿಯಂ ಸಲ್ಫೇಟ್‌ನದ್ದು. ಗ್ರಾಫ್ ಹಾಕಿ. ಎರಡೂ ಇಳಿಯುತ್ತವೆ, ಸಲ್ಫೇಟ್ ಜಾಸ್ತಿ ಇಳಿಸುತ್ತದೆ. ಯಾವ ಉಪ್ಪಿಗೆ ಎಷ್ಟು ಬಲ ಅನ್ನುವ ಈ ಸಾಲನ್ನು 1888ರಲ್ಲಿ ಫ್ರಾಂಜ್ ಹಾಫ್‌ಮೈಸ್ಟರ್ ಮೊಟ್ಟೆಯ ಬಿಳಿಯಲ್ಲಿ ನೋಡಿ ಬರೆದಿಟ್ಟರು, ನೀವು ಟ್ಯೂಬ್ ಬಗ್ಗಿಸಿ ಅದನ್ನೇ ಮತ್ತೆ ನೋಡುತ್ತಿದ್ದೀರಿ. ಈ ಒಂದು ಗ್ರಾಫ್ ಚೆನ್ನಾಗಿ ಬಂದರೆ ಅರ್ಧ ಪ್ರಾಜೆಕ್ಟ್ ಮುಗಿದ ಹಾಗೆ. ಆದರೆ ಮೈಯ ಉಪ್ಪು 0.9 ಪರ್ಸೆಂಟ್ ಅಷ್ಟೇ. 6 ಗ್ರಾಂ ಹಾಕಿ 37ಕ್ಕೆ ತಂದೆ ಅಂತ ಬೀಗಿದರೆ ವೈವಾದಲ್ಲಿ ಮೊದಲ ಪ್ರಶ್ನೆ ಅದೇ ಬರುತ್ತದೆ: ಇಷ್ಟು ಉಪ್ಪು ಗಾಯಕ್ಕೆ ಸುರಿದರೆ ಏನಾಗುತ್ತದೆ? ಗಾಯದ ಮೇಲೆ ಉಪ್ಪಿನ ರುಚಿ ಎಲ್ಲರಿಗೂ ಗೊತ್ತು.

ತಣ್ಣಗಾಗಲು ಬಿಟ್ಟೂ ನೋಡಿ. ಮತ್ತೆ ನೀರಾಗುತ್ತದೆ, ಆದರೆ ಗಟ್ಟಿಯಾದ ಉಷ್ಣತೆಯಲ್ಲೇ ಅಲ್ಲ, ಅದಕ್ಕಿಂತ ಎಷ್ಟೋ ಕೆಳಗೆ. ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆ. ಎರಡನ್ನೂ ಬರೆಯಿರಿ, ಬಹಳ ಜನ ಇಳಿಯುವುದನ್ನು ಬರೆಯುವುದೇ ಇಲ್ಲ.

ಎರಡನೇ ಜೆಲ್: ಕೈಟೋಸಾನ್

ಇದು ಆ ಕರೆಂಟ್ ಹೋದ ದಿನದ ಬಾಟಲಿ. 2000ದಲ್ಲಿ ಕೆನಡಾದ ಒಂದು ತಂಡ ಪ್ರಕಟಿಸಿದ ವಿಧಾನ, ಈಗ ಎಲ್ಲ ಕಡೆ ಮಾಡುತ್ತಾರೆ. ಇದೇ ಜೋಡಿಯನ್ನು ರೋಗಿಯ ಸ್ವಂತ ರಕ್ತದ ಜತೆ ಬೆರೆಸಿ ಮಂಡಿಯ ಮೃದ್ವಸ್ಥಿ ರಿಪೇರಿಗೆ ಬಳಸುವ ಬಿಎಸ್‌ಟಿ-ಕಾರ್‌ಜೆಲ್ ಅನ್ನುವ ಉತ್ಪನ್ನವೂ ಬಂದಿದೆ.

ಕೈಟೋಸಾನ್ ಆಮ್ಲದಲ್ಲಿ ಕರಗುತ್ತದೆ. ಆಮ್ಲ ಕಡಿಮೆ ಮಾಡಿ ಪಿಎಚ್ 6.5ರ ಹತ್ತಿರ ತಂದರೆ ಬಿಳಿ ಚೂರಾಗಿ ಕೆಳಗೆ ಕೂರುತ್ತದೆ. ಮೈಯ ಪಿಎಚ್ 7.4. ಹಾಗಾದರೆ ಹೇಗೆ? ಬೀಟಾ ಗ್ಲಿಸರೋಫಾಸ್ಫೇಟ್ ಅನ್ನುವ ಲವಣ ಹಾಕಿದರೆ, ತಣ್ಣಗಿರುವವರೆಗೆ, ಪಿಎಚ್ 7 ದಾಟಿದರೂ ಕೈಟೋಸಾನ್ ಕರಗಿಯೇ ಇರುತ್ತದೆ. ಬಿಸಿ ಮಾಡಿದಾಗ ಕೈಟೋಸಾನ್ ಮೇಲಿದ್ದ ಪ್ರೋಟಾನುಗಳನ್ನು ಫಾಸ್ಫೇಟ್ ಎಳೆದುಕೊಳ್ಳುತ್ತದೆ. ಸರಪಳಿಗಳು ಒಂದನ್ನೊಂದು ದೂಡುತ್ತಿದ್ದ ವಿದ್ಯುತ್ ಶಕ್ತಿ ಕಡಿಮೆಯಾಗಿ ಹತ್ತಿರ ಬಂದು ಕೂರುತ್ತವೆ.

ಹಿಂದಿನ ದಿನವೇ 0.1 ಮೋಲಾರ್ ಅಸಿಟಿಕ್ ಆಮ್ಲ ಮಾಡಿಟ್ಟುಕೊಳ್ಳಿ: 100 ಮಿಲಿಲೀಟರ್ ನೀರಿಗೆ ಗ್ಲೇಶಿಯಲ್ ಅಸಿಟಿಕ್ ಆಸಿಡ್ 0.57 ಮಿಲಿಲೀಟರ್. ಅದರಲ್ಲಿ 9 ಮಿಲಿಲೀಟರ್ ತೆಗೆದು 200 ಮಿಲಿಗ್ರಾಂ ಕೈಟೋಸಾನ್ ಹಾಕಿ ಸ್ಟರರ್ ಮೇಲೆ ರಾತ್ರಿಯಿಡೀ ಬಿಡಿ. ಅವಸರ ಮಾಡಿ ಕಾಯಿಸಬೇಡಿ. ಬೆಳಿಗ್ಗೆ ಜೇನಿಗಿಂತ ಸ್ವಲ್ಪ ತೆಳ್ಳಗೆ, ತಿಳಿ ಹಳದಿ. ಕರಗದ ಕಸ ಇದ್ದರೆ ತೆಳ್ಳನೆ ಬಟ್ಟೆಯಲ್ಲಿ ಸೋಸಿ.

ಈಗ ಐಸ್. ಬಂದರಿನ ಐಸ್ ಕಾರ್ಖಾನೆಯಿಂದ ಒಂದು ತುಂಡು ತಂದರೆ ಇಡೀ ದಿನ ಬರುತ್ತದೆ, ಥರ್ಮೋಕೋಲ್ ಡಬ್ಬದಲ್ಲಿ ಇಡಿ. ಅದು ಹೊರಗಿನ ತಂಪಿಗೆ ಮಾತ್ರ, ದ್ರಾವಣದೊಳಗೆ ಅಪ್ಪಿತಪ್ಪಿಯೂ ಬೀಳಬಾರದು. ಕೈಟೋಸಾನ್ ಬೀಕರ್, ಗ್ಲಿಸರೋಫಾಸ್ಫೇಟ್ ಟ್ಯೂಬ್, ಪಿಪೆಟ್, ಕೊನೆಗೆ ತುಂಬುವ ಸಿರಿಂಜ್, ಎಲ್ಲವನ್ನೂ ಅರ್ಧ ತಾಸು ಮೊದಲೇ ಐಸಿನಲ್ಲಿ ಹುಗಿದಿಡಿ. ಸಿರಿಂಜನ್ನು ತಣ್ಣಗೆ ಮಾಡದೆ ತುಂಬಿದರೆ ಅದರ ಗೋಡೆಗೆ ತಾಗಿದಲ್ಲೇ ಗಟ್ಟಿಯಾಗಲು ಶುರು ಆಗುತ್ತದೆ, ನಮ್ಮ ಊರಲ್ಲಿ ಖಂಡಿತ.

560 ಮಿಲಿಗ್ರಾಂ ಗ್ಲಿಸರೋಫಾಸ್ಫೇಟ್ ಅನ್ನು 1 ಮಿಲಿಲೀಟರ್ ತಣ್ಣೀರಿನಲ್ಲಿ ಕರಗಿಸಿ. ಕೈಟೋಸಾನ್ ಜೋರಾಗಿ ತಿರುಗುತ್ತಿರುವಾಗ ಒಂದೊಂದೇ ಹನಿ ಹಾಕಿ. ಹನಿ ಬಿದ್ದ ಜಾಗದಲ್ಲಿ ಒಂದು ಕ್ಷಣ ಬೆಳ್ಳಗೆ ಮೋಡದ ಹಾಗೆ ಕಾಣುತ್ತದೆ, ತಿರುಗಿ ತಿರುಗಿ ಮಾಯವಾಗುತ್ತದೆ. ಮಾಯವಾದ ಮೇಲೆ ಮುಂದಿನ ಹನಿ. ಒಂದು ಮಿಲಿಲೀಟರಿಗೆ ಹತ್ತು ನಿಮಿಷ ಹಿಡಿದರೂ ಸರಿ. ಬೇಸರ ಬಂದು ಒಮ್ಮೆಲೇ ಸುರಿದವರಿಗೆ ಮಜ್ಜಿಗೆ ಒಡೆದ ಹಾಗೆ ಬಿಳಿ ಚೂರು ಸಿಗುತ್ತದೆ. ಅದನ್ನು ಮತ್ತೆ ಸರಿ ಮಾಡಲಾಗದು, ಚೆಲ್ಲಿ ಮತ್ತೆ ಶುರು ಮಾಡಿ.

ಪಿಎಚ್ ನೋಡಿ: 7.0ರಿಂದ 7.2. ಮೀಟರೇ ಬೇಕು, ಪಿಎಚ್ ಕಾಗದದಲ್ಲಿ 6.8ಕ್ಕೂ 7.2ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ದ್ರಾವಣ ದಪ್ಪ ಇರುವುದರಿಂದ ಮೀಟರ್ ಅಂಕೆ ನಿಲ್ಲಲು ಎರಡು ನಿಮಿಷ ಬೇಕು.

ಆಮೇಲೆ ಒಂದೊಂದು ಮಿಲಿಲೀಟರ್ ಸಣ್ಣ ಬಾಟಲಿಗಳಿಗೆ ಹಂಚಿ. ಕೆಲವನ್ನು 37ಕ್ಕೆ ಇಡಿ, ಒಂದು ಐಸಿನಲ್ಲೇ ಉಳಿಯಲಿ, ಇನ್ನೊಂದು ಬಾಟಲಿಯಲ್ಲಿ ಗ್ಲಿಸರೋಫಾಸ್ಫೇಟ್ ಇಲ್ಲದ ಕೈಟೋಸಾನ್ ಹಾಕಿ ಅದನ್ನೂ 37ಕ್ಕೆ ಇಡಿ. ಈ ಎರಡು ಗಟ್ಟಿಯಾಗದೆ ಇದ್ದರೆ ಮಾತ್ರ "ಬಿಸಿ ಮತ್ತು ಗ್ಲಿಸರೋಫಾಸ್ಫೇಟ್ ಎರಡೂ ಸೇರಿ ಆಯಿತು" ಅಂತ ಹೇಳಬಹುದು. ನಾಲ್ಕನೆಯದನ್ನು ಸುಮ್ನೆ ಮೇಜಿನ ಮೇಲೆ ಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು. ಯಾವ ಪುಸ್ತಕವೂ ಇದನ್ನು ಹೇಳುವುದಿಲ್ಲ, ಆದರೆ ಕರಾವಳಿಯವರಿಗೆ ಇದೇ ಮುಖ್ಯ ಬಾಟಲಿ. ಈ ಜೆಲ್‌ಗೆ ಉಷ್ಣತೆಯಷ್ಟೇ ಹೊತ್ತೂ ಲೆಕ್ಕ. 37ರಲ್ಲಿ ಕೆಲವು ನಿಮಿಷದಿಂದ ಅರ್ಧ ತಾಸಿನೊಳಗೆ ಆಗುವುದು, 33ರಲ್ಲಿ ಒಂದೆರಡು ತಾಸಿಗೆ ಆಗಬಹುದು. ನಮ್ಮ ಬಾಟಲಿಗೆ ಆದದ್ದು ಅದೇ. ಮತ್ತೆ ಐಸಿನಲ್ಲಿ ಇಟ್ಟರೂ ಅದು ನೀರಾಗಲಿಲ್ಲ. ಚೆನ್ನಾಗಿ ಗಟ್ಟಿಯಾದ ಮೇಲೆ ಈ ಜೆಲ್ ಹಿಂದಕ್ಕೆ ಬರುವುದಿಲ್ಲ, ಮೀಥೈಲ್ ಸೆಲ್ಯುಲೋಸ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದು.

ಗಟ್ಟಿಯಾಗುತ್ತಿಲ್ಲ ಅಂದರೆ ಗ್ಲಿಸರೋಫಾಸ್ಫೇಟ್ ಸ್ವಲ್ಪ ಏರಿಸಬಹುದು. ಜಾಸ್ತಿ ಹಾಕಿದರೆ ಬೇಗ ಗಟ್ಟಿ, ಆದರೆ ಜೀವಕೋಶಗಳಿಗೆ ಅದು ಒಳ್ಳೆಯದಲ್ಲ. ಬೇಗ ಆಗುವುದೇ ಒಳ್ಳೆಯ ಜೆಲ್ ಅಂದುಕೊಳ್ಳಬೇಡಿ.

ಔಷಧ ಬಿಡುತ್ತದಾ ಅಂತ ನೋಡುವುದು

ನಿಜವಾದ ಔಷಧ ಬೇಡ, ತಿಂಡಿಗೆ ಹಾಕುವ ಬಣ್ಣ ಸಾಕು. ಜೆಲ್ ಆಗುವ ಮೊದಲು ತಣ್ಣಗಿನ ದ್ರಾವಣಕ್ಕೆ ಬೆರೆಸಿ, 1 ಮಿಲಿಲೀಟರ್ 37ರಲ್ಲಿ ಗಟ್ಟಿ ಮಾಡಿ, ಮೇಲೆ 10 ಮಿಲಿಲೀಟರ್ ಫಾಸ್ಫೇಟ್ ಬಫರ್ ನಿಧಾನಕ್ಕೆ ಹಾಕಿ. ಅರ್ಧ ತಾಸಿಗೊಮ್ಮೆ 1 ಮಿಲಿಲೀಟರ್ ತೆಗೆದು ಕಲರಿಮೀಟರಿನಲ್ಲಿ ನೋಡಿ, ಅಷ್ಟೇ ಬೆಚ್ಚಗಿನ ಬಫರ್ ವಾಪಸ್ ಹಾಕಿ. ತೆಗೆದು ಹಾಕಿದ್ದರಿಂದ ತೆಳ್ಳಗಾದದ್ದನ್ನು ಲೆಕ್ಕದಲ್ಲಿ ಸರಿ ಮಾಡಬೇಕು, ಮರೆಯಬೇಡಿ. ಮೊದಲ ತಾಸಿನಲ್ಲಿ ಬಣ್ಣ ಒಮ್ಮೆಲೇ ಜಾಸ್ತಿ ಬರುತ್ತದೆ, ಹೊರಮೈಯಲ್ಲಿ ಇದ್ದದ್ದು ಅದು. ಆಮೇಲೆ ನಿಧಾನ. ಕೈಟೋಸಾನ್ ಧನ ವಿದ್ಯುತ್ತಿನದು, ಋಣ ವಿದ್ಯುತ್ತಿನ ಬಣ್ಣಗಳನ್ನು ಅದು ಹಿಡಿದುಕೊಳ್ಳುತ್ತದೆ. ಹಾಗಾಗಿ ಬಣ್ಣ ಬರಲೇ ಇಲ್ಲ ಅಂತಾದರೂ ಅದು ಸೋಲಲ್ಲ, ಬರೆಯುವ ವಿಷಯ.

ಪುರುಸೊತ್ತು ಇದ್ದರೆ ಬಫರಿಗೆ ಲೈಸೋಜೈಮ್ ಹಾಕಿದ್ದು, ಹಾಕದ್ದು ಎರಡನ್ನೂ ಇಟ್ಟು ವಾರಕ್ಕೊಮ್ಮೆ ಜೆಲ್ ತೂಗಿ. ನಮ್ಮ ಕಣ್ಣೀರಿನಲ್ಲೂ ಮೊಟ್ಟೆಯ ಬಿಳಿಯಲ್ಲೂ ಇರುವ ಕಿಣ್ವ ಅದು, ಕೈಟೋಸಾನ್ ಸರಪಳಿಯನ್ನು ಕತ್ತರಿಸುತ್ತದೆ. ಮೈಯೊಳಗೆ ಈ ಜೆಲ್ ಕರಗುವುದು ಹೀಗೆ.

ಮಾಡಬಾರದ್ದು

ಚೆನ್ನಾಗಿ ಬಂದ ಮೇಲೆ ಎಲ್ಲರಿಗೂ ಒಂದೇ ಆಸೆ: ಕೈಯ ಗೀರಿಗೆ ಹಚ್ಚಿ ನೋಡೋಣ. ಬೇಡ. ನಿಮ್ಮ ಜೆಲ್ ಶುದ್ಧ ಅಲ್ಲ, ಅದರಲ್ಲಿ ಬ್ಯಾಕ್ಟೀರಿಯಾ ಇದೆ. ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿಯುವ ಎಂಡೋಟಾಕ್ಸಿನ್ ಇರಬಹುದು, ಅದು ಕುದಿಸಿದರೂ ಹೋಗುವುದಿಲ್ಲ. ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಬೇಯಿಸಿದರೆ) ಕೈಟೋಸಾನ್ ಸರಪಳಿ ತುಂಡಾಗಿ ತೆಳ್ಳಗಾಗುತ್ತದೆ. ಗ್ಲಿಸರೋಫಾಸ್ಫೇಟ್ ಬೆರೆಸಿದ ಮೇಲೆ ಮಾಡಿದರಂತೂ ಆಟೋಕ್ಲೇವಿನೊಳಗೇ ಜೆಲ್. ಮನುಷ್ಯರ ಮೈಗೆ ಹಾಕುವ ವಸ್ತುವಿಗೆ ಐಎಸ್‌ಒ 10993 ಅನ್ನುವ ಸಾಲು ಸಾಲು ಪರೀಕ್ಷೆ ಇದೆ, ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮ ಇದೆ. ವರದಿಯಲ್ಲಿ "ಗಾಯ ವಾಸಿ ಮಾಡುತ್ತದೆ" ಅಂತ ಬರೆಯಬೇಡಿ. "37 ಡಿಗ್ರಿಯಲ್ಲಿ ಇಷ್ಟು ನಿಮಿಷಕ್ಕೆ ಗಟ್ಟಿಯಾಯಿತು" ಅಂತ ಬರೆಯಿರಿ, ಅದು ನೀವು ಕಂಡದ್ದು. ಜತೆಗೆ ಆ ದಿನ ಲ್ಯಾಬಿನ ಉಷ್ಣತೆ ಎಷ್ಟಿತ್ತು ಅಂತ ಬರೆಯಿರಿ. ಜನವರಿಯಲ್ಲಿ ಮಾಡಿದ್ದಕ್ಕೂ ಮೇ ತಿಂಗಳಲ್ಲಿ ಮಾಡಿದ್ದಕ್ಕೂ ಹೊಂದಿಕೆ ಆಗದಿದ್ದರೆ ಕಾರಣ ಅಲ್ಲೇ ಸಿಗುತ್ತದೆ.

ಸೀಗಡಿ ತಿಂದರೆ ಮೈ ಕೆರೆಯುವವರು ಸಿಪ್ಪೆಯ ಕೆಲಸಕ್ಕೆ ಕೈ ಹಾಕಬೇಡಿ. ಅಲರ್ಜಿ ಮಾಡುವುದು ಹೆಚ್ಚಾಗಿ ಮಾಂಸದ ಪ್ರೋಟೀನ್, ಆದರೆ ಹಸಿ ಸಿಪ್ಪೆಗೆ ಅದು ಅಂಟಿಕೊಂಡೇ ಇರುತ್ತದೆ. ಸಿರಿಂಜಿನಲ್ಲಿ ಹೋಗುತ್ತದಾ ನೋಡಲು 21 ಗೇಜ್ ಸೂಜಿ ಸಾಕು, ಐಸ್ ನೀರಿನ ಗ್ಲಾಸಿಗೂ 37 ಡಿಗ್ರಿ ನೀರಿನ ಗ್ಲಾಸಿಗೂ ಬಿಟ್ಟು ನೋಡಿ. ತಣ್ಣೀರಲ್ಲಿ ಹರಡಿ ಹೋಗುತ್ತದೆ, ಬಿಸಿನೀರಲ್ಲಿ ಶ್ಯಾವಿಗೆ ಎಳೆಯ ಹಾಗೆ ನಿಲ್ಲುತ್ತದೆ. ಫೋಟೋ ತೆಗೆಯಬೇಕಾದದ್ದು ಇದನ್ನೇ. ಸೂಜಿಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಗಟ್ಟಿ ಡಬ್ಬದಲ್ಲಿ ಮುಚ್ಚಿ ಆಸ್ಪತ್ರೆಯ ಕಸಕ್ಕೆ ಕೊಡಿ.

ಉಳಿದ ದ್ರಾವಣ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಅದರ ಮೇಲೆ ಬೂಷ್ಟು. ಮತ್ತೆ ಬಾಟಲಿಗೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿ: ಏನು, ಯಾವ ದಿನ, ಯಾರು ಮಾಡಿದ್ದು, "ತಿನ್ನಬೇಡಿ". ನಮ್ಮ ಸ್ಟಾಫ್ ರೂಮಿನ ಫ್ರಿಜ್ಜಿನಲ್ಲಿ ಒಂದು ಸಲ ಚೀಟಿ ಇಲ್ಲದ ತಟ್ಟೆ ಇಟ್ಟಿದ್ದೆವು. ಯಾರೋ ಹಾಲುಬಾಯಿ ಅಂದುಕೊಂಡು ಚಮಚ ಹಾಕಿದ್ದರು.